ಮಿಕ್ಕಿದ್ದರಲ್ಲಿ ಕಾಲು

ನಮ್ಮ ಮಾವನವರ ವಿಷಯ ಹೇಳಬೇಕೆಂದರೆ ಕಲ್ಲಂಗಡಿ ಹಣ್ಣಿನಿಂದಲೇ ಶುರುಮಾಡಬೇಕು. ಭಾನುವಾರ ಊಟವಾದ ಮೇಲೆ ಹಣ್ಣು ಕೊಯ್ಯುವ ಹಕ್ಕು ನಮ್ಮ ಮನೆಯಲ್ಲಿ ಅವರೊಬ್ಬರದೇ. ಚಾಕು ಒರೆಸಿಕೊಂಡು, ಹಣ್ಣನ್ನು ಎರಡು ಸಲ ತಟ್ಟಿ ನೋಡಿ, ಕೊಯ್ಯುತ್ತಾ ಕೊಯ್ಯುತ್ತಾ ಗಟ್ಟಿಯಾಗಿ ಹೇಳುತ್ತಾರೆ: ಅರ್ಧ ಮಕ್ಕಳಿಗೆ, ಮೂರರಲ್ಲೊಂದು ಪಾಲು ಮಗನಿಗೆ, ಕಾಲು ಸೊಸೆಗೆ, ಮಿಕ್ಕಿದ್ದು ನನಗೆ. ಆ ಕೊನೆಯ ಮಾತು ಹೇಳುವಾಗ ಅವರ ದನಿಯಲ್ಲಿ ಅದೇನು ತ್ಯಾಗ ಅಂತೀರಿ! ನನ್ನ ತಟ್ಟೆಗೆ ಬೀಳುವ ಹೋಳು ಮಾತ್ರ ಬೆಳಕಿಗೆ ಹಿಡಿದರೆ ಆಚೆ ಬದಿಯವರು ಕಾಣುವಷ್ಟು ತೆಳ್ಳಗಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ಸಲ ಮೆಲ್ಲಗೆ ಗೊಣಗಿದ್ದೆ. "ಕಾಲು ಕೊಟ್ಟಿದ್ದೀನಲ್ಲಮ್ಮ, ಇನ್ನೆಷ್ಟು ಬೇಕು?" ಅಂದರು. ಹಣ್ಣಿಗೋಸ್ಕರ ಜಗಳಕ್ಕೆ ನಿಂತ ಸೊಸೆ ಎನ್ನಿಸಿಕೊಳ್ಳುವುದು ಯಾರಿಗೆ ಬೇಕು, ಹನ್ನೊಂದು ವರ್ಷ ತುಟಿ ಎರಡು ಮಾಡದೆ ತಿಂದೆ.

ಮಾವ ಬಣ್ಣದ ಕಾರ್ಖಾನೆಯಲ್ಲಿ ಬಣ್ಣ ಕಲಸುವವರು. ಮೂವತ್ತೆಂಟು ವರ್ಷ ಅದೇ ಕೋಣೆ, ಅದೇ ಸೊಟ್ಟ ತಗಡಿನ ಮಗ್ಗು, ಅದೇ ಒಂದು ಮರದ ಕೋಲು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಹದಿನಾರು ಬಣ್ಣಗಳ ಅಳತೆ ಅವರ ತಲೆಯಲ್ಲಿತ್ತೇ ಹೊರತು ಒಂದು ಚೀಟಿಯಲ್ಲೂ ಇರಲಿಲ್ಲ. ನಾನು ಅದೇ ಕಾರ್ಖಾನೆಯ ಮೇಲಿನ ಆಫೀಸಿನಲ್ಲಿ ಡಬ್ಬಗಳ ಮೇಲಿನ ಲೇಬಲ್ ಟೈಪ್ ಮಾಡುವವಳು. ಆ ಕೆಲಸ ಕೊಡಿಸಿದ್ದೂ ಅವರೇ. ನಮ್ಮ ಹುಡುಗಿ ಲೆಕ್ಕದಲ್ಲಿ ಭಾರೀ ಚುರುಕು ಎಂದು ಹಳೆಯ ಮಾಲೀಕರ ಹತ್ತಿರ ಹೇಳಿದ್ದರಂತೆ. ಆ ಹೊಗಳಿಕೆಯೇ ಮುಂದೆ ಅವರ ಬುಡಕ್ಕೆ ಬಂತು.

ಬುಡಕ್ಕೆ ತಂದಿದ್ದು ಹೊಸ ಮ್ಯಾನೇಜರ್. ಈ ಮನುಷ್ಯನ ಬಾಯಲ್ಲಿ ಪರ್ಸೆಂಟ್ ಇಲ್ಲದೆ ಒಂದು ಮಾತೂ ಹೊರಡುವುದಿಲ್ಲ. ತಲೆನೋವು ಬಂದರೂ ನಿನ್ನೆಗಿಂತ ನಲವತ್ತು ಪರ್ಸೆಂಟ್ ಕಮ್ಮಿ ಎನ್ನುವ ಗಿರಾಕಿ. ಆತ ಬಂದ ಮೂರನೇ ತಿಂಗಳಿಗೆ ಬಣ್ಣ ಕಲಸುವ ಯಂತ್ರವೂ ಬಂತು. ಬೀರುವಿನಷ್ಟು ಎತ್ತರ, ನಾಲ್ಕು ಕೊಳವೆ, ಎದುರಿಗೊಂದು ಪರದೆ. ಯಾವ ಬಣ್ಣ ಎಷ್ಟು ಪರ್ಸೆಂಟ್ ಎಂದು ಎರಡು ದಶಮಾಂಶ ಸ್ಥಾನದವರೆಗೆ ಒತ್ತಬೇಕು. ಒಟ್ಟು ಸರಿಯಾಗಿ ನೂರಾಗಬೇಕು, ಇಲ್ಲದಿದ್ದರೆ ಕೆಂಪು ದೀಪ ಹತ್ತಿಸಿ ಮುನಿಸಿಕೊಳ್ಳುತ್ತದೆ. ಮ್ಯಾನೇಜರ್ ನನ್ನನ್ನು ಕರೆದು, ನಿಮ್ಮ ಮಾವನವರ ತಲೆಯಲ್ಲಿರುವ ಹದಿನಾರು ಬಣ್ಣಗಳನ್ನೂ ಪರ್ಸೆಂಟಿಗೆ ಇಳಿಸಿಕೊಡಿ, ಆಮೇಲೆ ಅವರು ಮನೆಯಲ್ಲಿ ಆರಾಮಾಗಿ ಇರಬಹುದು ಎಂದರು. ಯಂತ್ರ ನೋಡಿಕೊಳ್ಳುವ ಕೆಲಸ ನನಗಂತೆ.

ಆರಾಮಾಗಿ ಇರುವುದು ಯಾರು, ಸ್ವಾಮಿ? ಭಾನುವಾರ ಒಂದು ದಿನ ಮನೆಯಲ್ಲಿದ್ದರೇ ಒಗ್ಗರಣೆ ಸೀದುಹೋಯಿತು, ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ, ಪೊರಕೆ ತಲೆಕೆಳಗಾಗಿದೆ ಎಂದು ಬೆನ್ನ ಹಿಂದೆ ಸುತ್ತುವವರು. ವಾರದ ಏಳೂ ದಿನ ಇದ್ದರೆ ನಾನು ಮನೆ ಬಿಟ್ಟು ಓಡಬೇಕಾಗುತ್ತಿತ್ತು. ಅದು ನನ್ನ ಸಂಕಟ. ಅವರ ಸಂಕಟ ಬೇರೆ ಇತ್ತು, ಅದೂ ನನಗೆ ಗೊತ್ತಿತ್ತು. ಅತ್ತೆ ಹೋದ ಮೇಲೆ ಆ ಮನುಷ್ಯ ಬೆಳಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದುದೇ ಆ ಕೋಣೆಗಾಗಿ. ಹಾಗಿದ್ದೂ ನಾನು ಆಗಲಿ ಸರ್ ಅಂದೆ. ಹೊಸ ಯಂತ್ರ, ಹೊಸ ಕುರ್ಚಿ, ಎದುರಿಗೆ ಪರದೆ. ಆಸೆ ನನ್ನ ಕಣ್ಣು ಕಟ್ಟಿತ್ತು.

ಎರಡು ಮಧ್ಯಾಹ್ನ ಮಾವ ಮ್ಯಾನೇಜರ್ ಕೋಣೆಯಲ್ಲಿ ಕೂತು ಅಳತೆ ಹೇಳಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಚೌಕಾಸಿ ಮಾಡುತ್ತಾರೆ, ಒಂದೆರಡನ್ನಾದರೂ ಮುಚ್ಚಿಡುತ್ತಾರೆ ಎಂದುಕೊಂಡಿದ್ದೆ. ಊಹೂಂ. ಮದುವೆಮನೆಯಲ್ಲಿ ಬಡಿಸುವವರ ಹಾಗೆ ಧಾರಾಳವಾಗಿ ಹದಿನಾರನ್ನೂ ಹೇಳಿದರು. ತಿಳಿ ಗೋಧಿ ಬಣ್ಣಕ್ಕೆ ಅರ್ಧ ಬಿಳಿ, ಮೂರರಲ್ಲೊಂದು ಹಳದಿ, ಕಾಲು ಕೆಂಪು, ಮಿಕ್ಕಿದ್ದು ಎಣ್ಣೆ. ಆಕಾಶಕ್ಕೆ ಅರ್ಧ ಬಿಳಿ, ಕಾಲು ನೀಲಿ, ಅರೆಕಾಲು ಹಸಿರು, ಮಿಕ್ಕಿದ್ದು ಎಣ್ಣೆ. ಹೇಳುವಾಗ ಎದುರಿಗೆ ಡ್ರಮ್ಮು ಇದೆಯೇನೋ ಎಂಬಂತೆ ಗಾಳಿಯಲ್ಲಿ ಬೆರಳಿನಿಂದ ಅಳೆಯುತ್ತಿದ್ದರು. ನಾನು ಬೆರಳು ನೋಡಲಿಲ್ಲ, ಕೀಲಿಮಣೆ ನೋಡುತ್ತಿದ್ದೆ.

ಭಿನ್ನರಾಶಿಯನ್ನು ಪರ್ಸೆಂಟ್ ಮಾಡುವುದು ಏನು ಮಹಾ ವಿದ್ಯೆ? ಮೇಲಿನದನ್ನು ಕೆಳಗಿನದರಿಂದ ಭಾಗಿಸು, ನೂರರಿಂದ ಗುಣಿಸು. ಅರ್ಧಕ್ಕೆ ಐವತ್ತು. ಕಾಲಿಗೆ ಇಪ್ಪತ್ತೈದು. ಅರೆಕಾಲು ಎಂದರೆ ಎಂಟರಲ್ಲೊಂದು, ಹನ್ನೆರಡೂವರೆ. ಮೂರರಲ್ಲೊಂದು ಮಾತ್ರ ತರಲೆ. ಮೂವತ್ತಮೂರು ಪಾಯಿಂಟ್ ಮೂರು ಮೂರು ಮೂರು ಎಂದು ಬಾಲ ಬೆಳೆಸಿಕೊಂಡೇ ಹೋಗುತ್ತದೆ. ಪಾಯಿಂಟಿನ ಆಚೆ ಎರಡೇ ಅಂಕೆ ಉಳಿಸಿ ಬಾಲ ಕತ್ತರಿಸಿದೆ. ಹದಿಮೂರು ಬಣ್ಣಗಳು ನೂರರೊಳಗೆ ತಣ್ಣಗೆ ಕೂತವು. ಮೂರು ಬಣ್ಣ ತಕರಾರು ತೆಗೆದವು. ತಿಳಿ ಗೋಧಿಯನ್ನು ಕೂಡಿಸಿದರೆ ನೂರಾ ಎಂಟು ಪಾಯಿಂಟ್ ಮೂರು ಮೂರು ಬಂತು. ಎಣ್ಣೆ ಇನ್ನೂ ಹಾಕೇ ಇಲ್ಲ, ಡ್ರಮ್ಮು ಆಗಲೇ ತುಂಬಿ ಹೊರಗೆ ಚೆಲ್ಲಿತ್ತು.

ಕೆಳಗಿಳಿದು ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹದಿನೆಂಟು ಮೆಟ್ಟಿಲು. ಆದರೆ ಅವತ್ತು ಬೆಳಗ್ಗೆ ನಾನು ಒಣಹಾಕಿದ ಬಟ್ಟೆಯನ್ನೆಲ್ಲ ತಂತಿಯಿಂದ ತೆಗೆದು, ಅಂಗಿಯನ್ನು ಹೀಗಲ್ಲಮ್ಮ ಹಾಕೋದು ಎಂದು ಮತ್ತೆ ಅವರೇ ಹಾಕಿದ್ದರು. ನನ್ನ ಪಿತ್ತ ನೆತ್ತಿಗೇರಿತ್ತು, ಮಾತು ಬಿಟ್ಟಿದ್ದೆ. ಅಲ್ಲದೆ ನಾಲ್ಕನೇ ಕ್ಲಾಸಿನವರ ಲೆಕ್ಕ ಇಷ್ಟೇ ಎಂದು ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಮೂರು ಅಂಕೆಗಳನ್ನೂ ನೂರಾ ಎಂಟು ಚಿಲ್ಲರೆಯಿಂದ ಭಾಗಿಸಿ, ಹಿಂಡಿ, ನೂರರೊಳಗೆ ತುರುಕಿದೆ. ಬಿಳಿ 46.15, ಹಳದಿ 30.77, ಕೆಂಪು 23.08, ಎಣ್ಣೆ ಸೊನ್ನೆ. ತಕರಾರಿನ ಇನ್ನೆರಡು ಬಣ್ಣಕ್ಕೂ ಅದೇ ಗತಿ. ಯಂತ್ರಕ್ಕೆ ನೂರು ಬೇಕಿತ್ತು, ನೂರು ಸಿಕ್ಕಿತು. ಹಸಿರು ದೀಪ ಹತ್ತಿತು.

ಮೊದಲ ಗಿರಾಕಿಯಾಗಿ ಬಂದದ್ದು ಒಂದು ದೊಡ್ಡ ಆಸ್ಪತ್ರೆ. ಅಲ್ಲಿನ ಕಾರಿಡಾರಿಗೆ ಮೂರು ಡ್ರಮ್ಮು ತಿಳಿ ಗೋಧಿ ಬೇಕಿತ್ತು. ಯಂತ್ರ ಮುಚ್ಚಿದ ಹೊಟ್ಟೆಯಲ್ಲೇ ಕಲಸಿ, ತುಂಬಿ, ಮುಚ್ಚಳ ಒತ್ತಿ ಕೊಡುವುದರಿಂದ ಯಾರೂ ಬಣ್ಣ ನೋಡಲಿಲ್ಲ. ಮೂರನೇ ಡ್ರಮ್ಮು ಮುಗಿಯುತ್ತಿದ್ದಂತೆ ಒಳಗೆ ಗೊರಗೊರ ಎಂದು ಅದರ ಗಂಟಲು ಕಟ್ಟಿತು. ಎಣ್ಣೆಯೇ ಇಲ್ಲದ ಬಣ್ಣ, ಹಿಟ್ಟಿನ ಮುದ್ದೆಯಾಗಿತ್ತು. ಮೊದಲ ದಿನ, ಶೇಕಡಾ ಐದು ತೊಂದರೆ ಇದ್ದದ್ದೇ ಎಂದು ಮ್ಯಾನೇಜರ್ ಡ್ರಮ್ಮುಗಳನ್ನು ಲಾರಿಗೆ ಹತ್ತಿಸಿದರು.

ಮಾರನೆಯ ದಿನ, ಶನಿವಾರ, ಆಸ್ಪತ್ರೆಯಿಂದ ಫೋನು. ಪೇಂಟರುಗಳು ತಾವೇ ಎಣ್ಣೆ ಸುರಿದು ತೆಳ್ಳಗೆ ಮಾಡಿಕೊಂಡು ಇಡೀ ಕಾರಿಡಾರಿಗೆ ಬಳಿದಿದ್ದಾರೆ, ಗೋಡೆ ಹಣ್ಣಾದ ಕುಂಬಳಕಾಯಿ ಆಗಿದೆ, ಇದೇನು ಗೋಧಿ ಎಂದು ಯಾರೋ ಗುಮಾಸ್ತರು ಕೂಗಾಡಿದರು. ಮ್ಯಾನೇಜರ್ ಮುಖ ಸುಟ್ಟ ಬದನೆಕಾಯಿಯಾಯಿತು. ಮಾವನನ್ನು ಮೇಲೆ ಕರೆಸಿದರು. ಯಂತ್ರದ ಬಾಯಲ್ಲಿ ಉಳಿದಿದ್ದ ಬಣ್ಣವನ್ನು ಮಾವ ಕೋಲಿನ ತುದಿಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಹಿಡಿದು ನೋಡಿ, ಇದು ನಾನು ಹೇಳಿದ ಅಳತೆಯಲ್ಲ ಎಂದರು.

"ನೀವು ಹೇಳಿದ್ದೇ ಸುಳ್ಳು ಅಳತೆ," ಎಂದರು ಮ್ಯಾನೇಜರ್. "ಯಂತ್ರ ಕೆಡಲಿ, ನನ್ನ ಜಾಗ ಉಳೀಲಿ ಅಂತ ಬೇಕಂತ ಹಂಗೆ ಹೇಳಿದ್ರಿ."

ಮಾವ ಸಿಟ್ಟಾಗಲಿಲ್ಲ. ಕೋಲನ್ನು ನಿಧಾನವಾಗಿ ಬಟ್ಟೆಯಲ್ಲಿ ಒರೆಸಿದರು. ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನೂರಾ ಎಂಟು ಬಂದದ್ದು, ನಾನು ಭಾಗಿಸಿದ್ದು, ಕೇಳದೇ ಬಿಟ್ಟದ್ದು, ಎಲ್ಲ ನನಗೊಬ್ಬಳಿಗೇ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಸೋಮವಾರದಿಂದ ಬರಬೇಡಿ ಎಂದು ಮ್ಯಾನೇಜರ್ ಅಂದರು. ಮಾವ ಮಗ್ಗು ಮತ್ತು ಕೋಲನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು, ಬಿಸಿಲಿನಲ್ಲಿ ನಡೆದುಕೊಂಡು ಮನೆಗೆ ಹೋದರು. ಮೇಲಿನ ಕಿಟಕಿಯಿಂದ ಅವರ ಬೆನ್ನು ಬೀದಿಯ ತಿರುವಿನವರೆಗೂ ಕಾಣುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅವತ್ತು ಸಂಜೆ ಒಗ್ಗರಣೆ ನಿಜವಾಗಿಯೂ ಸೀದುಹೋಯಿತು. ಮಾವ ಏನೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ನಮ್ಮವರು ಅಪ್ಪನ ಮುಖ ನೋಡಲಾಗದೆ ಒಂದು ದೊಡ್ಡ ಕಲ್ಲಂಗಡಿ ತಂದಿಟ್ಟರು. ಕಾರ್ಖಾನೆಯಲ್ಲಿ ಏನೋ ತಪ್ಪಾಗಿದೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಮಾವ ಚಾಕು ಒರೆಸಿದರು. ತಟ್ಟಲಿಲ್ಲ. ಅರ್ಧ ಮಕ್ಕಳಿಗೆ ಎಂದು ಮೆಲ್ಲಗೆ ಹೇಳಿ ಅರ್ಧ ಹಣ್ಣನ್ನು ಪಕ್ಕಕ್ಕೆ ತಳ್ಳಿದರು. ತಲೆ ಎತ್ತಿ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅದಕ್ಕೇ ಕೈ ನೋಡುತ್ತಾ ಕೂತೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲ ಸಲ ನಾನು ಅವರ ಕೈ ಸರಿಯಾಗಿ ನೋಡಿದ್ದು. ಉಳಿದ ಅರ್ಧದ ಮೇಲೆ ಬೆರಳಿಟ್ಟು ಅಳೆದು ಅದರಲ್ಲಿ ಮೂರನೇ ಒಂದು ಪಾಲು ಕತ್ತರಿಸಿದರು. ಅದು ಮಗನಿಗೆ. ಆಮೇಲೆ ಉಳಿದ ತುಂಡಿನ ಮೇಲೆ ಬೆರಳಿಟ್ಟರು, ಅದರಲ್ಲಿ ಕಾಲು ಕತ್ತರಿಸಿ ನನ್ನ ತಟ್ಟೆಗೆ ಹಾಕಿದರು.

ಕಾಲು ಅಂದರೆ ಯಾವುದರಲ್ಲಿ ಕಾಲು, ಮಾವ, ಎಂದು ಕೇಳಿದೆ.

"ಮಿಕ್ಕಿದ್ದರಲ್ಲಿ. ಇನ್ಯಾವುದರಲ್ಲಿ?" ಎಂದರು. "ಒಂದ್ಸಲ ಕೊಟ್ಟಿದ್ದನ್ನ ಮತ್ತೆ ಕೊಡೋಕಾಗುತ್ತಾ?"

ಡ್ರಮ್ಮಿನಲ್ಲೂ ಹಾಗೇನಾ ಎಂದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಡ್ರಮ್ಮಿನಲ್ಲಿ ಬಿಳಿ ಅರ್ಧ ತುಂಬಿದ ಮೇಲೆ ಕೋಲು ಇಳಿಸುತ್ತಾರೆ, ಕೋಲಿನಲ್ಲಿ ಒಣಗಿರುವಷ್ಟು ಭಾಗವೇ ಮಿಕ್ಕ ಜಾಗ, ಅದರಲ್ಲಿ ಮೂರರಲ್ಲೊಂದು ಹಳದಿ, ಮತ್ತೆ ಒಣಗಿರುವುದರಲ್ಲಿ ಕಾಲು ಕೆಂಪು. ಬಣ್ಣ ಕಲಸುವ ಎಲ್ಲರೂ ಹಾಗೇ ಹೇಳುವುದು. ತುಂಬಿರುವ ಜಾಗವನ್ನು ಯಾರಾದರೂ ಮತ್ತೆ ಅಳೆಯುತ್ತಾರೆಯೇ, ಅದನ್ನೂ ಬಾಯಿಬಿಟ್ಟು ಹೇಳಬೇಕೇ ಎಂದರು.

ಸೀರೆಯ ಸೆರಗಿನಲ್ಲೇ ಕೈ ಒರೆಸಿಕೊಂಡು ಮಕ್ಕಳ ಸ್ಲೇಟು ಎಳೆದುಕೊಂಡೆ. ಅರ್ಧ, ಐವತ್ತು. ಅರ್ಧದಲ್ಲಿ ಮೂರರಲ್ಲೊಂದು ಎಂದರೆ ಆರರಲ್ಲೊಂದು, ಹದಿನಾರು ಪಾಯಿಂಟ್ ಆರು ಏಳು. ಈಗ ಮಿಕ್ಕಿದ್ದು ಮೂರರಲ್ಲೊಂದು, ಅದರಲ್ಲಿ ಕಾಲು ಎಂದರೆ ಹನ್ನೆರಡರಲ್ಲೊಂದು, ಎಂಟು ಪಾಯಿಂಟ್ ಮೂರು ಮೂರು. ಕೊನೆಗೆ ಉಳಿದದ್ದು ಇಪ್ಪತ್ತೈದು. ಕೂಡಿಸಿದರೆ ನೂರು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ನಾಲ್ಕನೇ ಕ್ಲಾಸಿನವರ ಲೆಕ್ಕ ಸರಿಯಾಗಿತ್ತು, ಲೆಕ್ಕದಲ್ಲಿ ಭಾರೀ ಚುರುಕಾದವಳದು ತಪ್ಪಿತ್ತು, ನೂರರೊಳಗೆ ತಣ್ಣಗೆ ಕೂತಿದ್ದ ಹದಿಮೂರು ಬಣ್ಣವೂ ಸೇರಿ. ಆ ಕ್ಷಣದಲ್ಲೇ ಇನ್ನೊಂದೂ ಹೊಳೆಯಿತು. ಹನ್ನೊಂದು ವರ್ಷದಿಂದ ನಾನು ತಿಂದದ್ದು ನೂರಕ್ಕೆ ಎಂಟು ಚಿಲ್ಲರೆ. ಮಿಕ್ಕಿದ್ದು ನನಗೆ ಎಂದು ತ್ಯಾಗ ಮಾಡುತ್ತಿದ್ದವರು ತಿಂದದ್ದು ನೂರಕ್ಕೆ ಇಪ್ಪತ್ತೈದು! ಯಾವುದಕ್ಕೆ ಮೊದಲು ಅಳಬೇಕೋ ತಿಳಿಯಲಿಲ್ಲ.

ಮೊದಲನೆಯದಕ್ಕೇ ಅತ್ತುಬಿಟ್ಟೆ. ನೂರಾ ಎಂಟು ಬಂದಿತ್ತು, ಕೇಳಬೇಕು ಅನ್ನಿಸಿತ್ತು, ಸೊಕ್ಕಿನಿಂದ ಕೇಳಲಿಲ್ಲ, ನಿಮ್ಮನ್ನು ಸುಳ್ಳ ಎಂದಾಗಲೂ ಬಾಯಿ ಬಿಡಲಿಲ್ಲ ಎಂದು ಎಲ್ಲವನ್ನೂ ಮಕ್ಕಳ ಎದುರಿಗೇ ಹೇಳಿಬಿಟ್ಟೆ. ಮಾವ ಚಾಕುವನ್ನು ಒರೆಸಿ ತಟ್ಟೆಯ ಮೇಲಿಟ್ಟರು.

"ನೀನು ಮೊನ್ನೆ ಮಾತು ಬಿಟ್ಟಿದ್ದೆಯಲ್ಲ," ಎಂದರು. "ಅದೂ ಅಂಗಿಗೋಸ್ಕರ."

ಅಷ್ಟೇ. ಹಣ್ಣು ತಿನ್ನು ಎಂದು ಕೈ ಮಾಡಿದರು.

ಸೋಮವಾರ ಬೆಳಗ್ಗೆ ಕೆಲಸ ಹೋದರೆ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿ ಮ್ಯಾನೇಜರ್ ಕೋಣೆಗೆ ನುಗ್ಗಿದೆ. ಅಲ್ಲಿ ನೋಡಿದರೆ ಆ ಮನುಷ್ಯನ ಮುಖ ಅರಳಿಕೊಂಡು ಕೂತಿದೆ. ಆಸ್ಪತ್ರೆಯ ದೊಡ್ಡ ಡಾಕ್ಟರು ತಾವೇ ಫೋನ್ ಮಾಡಿದ್ದರಂತೆ. ಆ ಕಾರಿಡಾರಿನಲ್ಲಿ ಕಾಯುವವರು ಈಗ ತೂಕಡಿಸುವುದಿಲ್ಲ, ಗೊಣಗುವುದಿಲ್ಲ, ಗೋಡೆ ನೋಡುತ್ತಾ ಕಣ್ಣರಳಿಸಿ ಕೂರುತ್ತಾರೆ, ಇನ್ನೂ ಐದು ಮಹಡಿಗೆ ಅದೇ ಬಣ್ಣ ಬೇಕು, ನಲವತ್ತು ಡ್ರಮ್ಮು.

ತಪ್ಪು ನನ್ನದು ಸರ್, ಮಾವನದಲ್ಲ ಎಂದು ನಾನು ಶುರುಮಾಡಿದೆ. ತಪ್ಪೇ, ಯಾವ ತಪ್ಪು, ಅದು ನಮ್ಮ ಕಂಪನಿಯ ಹೊಸ ಬಣ್ಣ ಎಂದರು. ನನ್ನ ತಪ್ಪೊಪ್ಪಿಗೆ ಕೇಳುವವರಿಲ್ಲದೆ ಗಾಳಿಗೆ ಹೋಯಿತು. ನನಗೆ ರೇಗಿತು. ಅವರನ್ನು ಸುಳ್ಳ ಅಂದಿರಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿಯೇ ಬಿಟ್ಟೆ. ಮ್ಯಾನೇಜರ್ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, ಅದರಲ್ಲಿ ಹತ್ತು ಪರ್ಸೆಂಟ್ ಮಾತ್ರ ನಿಜವಾಗಿ ಅಂದದ್ದು ಎಂದರು. ಆಮೇಲೆ ದನಿ ತಗ್ಗಿಸಿ, ಯಂತ್ರದ ಗಂಟಲು ಬಿಡಿಸುವ ಮೆಕ್ಯಾನಿಕ್ ಬರುವುದು ಇನ್ನೂ ಎರಡು ತಿಂಗಳಿಗೆ, ನಲವತ್ತು ಡ್ರಮ್ಮನ್ನು ಕೈಯಲ್ಲೇ ಕಲಸಬೇಕು, ಮಾವನವರನ್ನು ಸ್ವಲ್ಪ ಕರೆಸುತ್ತೀರಾ ಎಂದರು.

ಮಾವ ಬಂದರು. ಪೇಪರಿನಲ್ಲಿ ಸುತ್ತಿದ ಮಗ್ಗು ಕಂಕುಳಲ್ಲಿತ್ತು. ಮ್ಯಾನೇಜರ್ ಎದ್ದು ಕುರ್ಚಿ ಎಳೆದುಕೊಟ್ಟರು. ಕುಂಬಳಕಾಯಿ ಬಣ್ಣದ ಅಳತೆ ಓದಿ ಎಂದು ನನಗೆ ಹೇಳಿದರು. ನಲವತ್ತಾರು ಪಾಯಿಂಟ್ ಒಂದು ಐದು ಎಂದು ನಾನು ಓದಲು ಹೊರಟೆ. ಮಾವ ಕೈ ಅಡ್ಡ ಹಿಡಿದು, ಅದೆಲ್ಲ ಬೇಡ, ನೀನು ಏನು ತಪ್ಪು ಮಾಡಿದೆ ಅದನ್ನು ಹೇಳು ಎಂದರು. ಅರ್ಧ, ಮೂರರಲ್ಲೊಂದು, ಕಾಲು, ಮೂರನ್ನೂ ಇಡೀ ಡ್ರಮ್ಮಿಗೇ ಹಿಡಿದೆ, ಆಮೇಲೆ ಹಿಂಡಿ ನೂರು ಮಾಡಿದೆ ಎಂದೆ. ಮಾವ ಚಾವಣಿ ನೋಡಿದರು. ನಾನು ಕ್ಯಾಲ್ಕ್ಯುಲೇಟರ್ ಹುಡುಕುವಷ್ಟರಲ್ಲಿ ಉತ್ತರ ಬಂತು.

"ಆರು ಮಗ್ಗು ಬಿಳಿ, ನಾಲ್ಕು ಹಳದಿ, ಮೂರು ಕೆಂಪು."

ಒತ್ತಿ ನೋಡಿದೆ. ಆರನ್ನು ಹದಿಮೂರರಿಂದ ಭಾಗಿಸಿದರೆ ನಲವತ್ತಾರು ಪಾಯಿಂಟ್ ಒಂದು ಐದು. ನನ್ನ ದಶಮಾಂಶಗಳ ಉದ್ದ ಬಾಲ ಅವರ ಸೊಟ್ಟ ಮಗ್ಗಿನೊಳಗೆ ಹದಿಮೂರು ಸಲಕ್ಕೆ ಕರಗಿಹೋಗಿತ್ತು. ಎಣ್ಣೆ ಎಷ್ಟು ಎಂದು ಮ್ಯಾನೇಜರ್ ಕೇಳಿದರು. ಅದು ಕಣ್ಣಿನ ಅಂದಾಜು, ಪೇಂಟರುಗಳು ಹಾಕಿದಷ್ಟು ಎಂದರು ಮಾವ. ಮೂವತ್ತೆಂಟು ವರ್ಷ ಒಂದು ಡ್ರಮ್ಮೂ ಕೆಡಿಸದವರು ಇನ್ನು ಮುಂದೆ ಸೊಸೆ ಕೆಡಿಸಿದ ಬಣ್ಣವನ್ನು ತಪ್ಪಿಲ್ಲದೆ ಕಲಸಬೇಕಿತ್ತು.

ಮ್ಯಾನೇಜರ್ ಅಷ್ಟಕ್ಕೇ ಬಿಡುವ ಪೈಕಿಯಲ್ಲ. ಯಂತ್ರ ರಿಪೇರಿಯಾದ ಮೇಲೆ ಹದಿನಾರು ಬಣ್ಣಗಳನ್ನೂ ಸರಿಯಾಗಿ ಮತ್ತೆ ಹೇಳಿಕೊಡಬೇಕು, ಹೇಳಿ ಮುಗಿದ ದಿನ ನಿಮಗೆ ವಿಶ್ರಾಂತಿ ಎಂದರು. ಮಾವನ ಕೈ ಮಗ್ಗಿನ ಮೇಲಿತ್ತು. ಹೆಬ್ಬೆರಳಿನಿಂದ ಅದರ ಅಂಚು ಸವರುತ್ತಿದ್ದರು.

"ಹೇಳ್ತೀನಿ," ಎಂದರು. "ಅವಸರ ಬೇಡ. ತಿಂಗಳಿಗೆ, ಮಿಕ್ಕಿದ್ದರಲ್ಲಿ ಅರ್ಧ ಹೇಳ್ತೀನಿ. ಎಲ್ಲಾ ಹೇಳಿ ಮುಗಿದ ದಿನ ಮಗ್ಗು ಎತ್ಕೊಂಡು ಹೋಗ್ತೀನಿ."

ಮ್ಯಾನೇಜರ್ ಬೆರಳು ಮಡಿಸಿ ಎಣಿಸಿದರು. ಮೊದಲ ತಿಂಗಳು ಐವತ್ತು ಪರ್ಸೆಂಟ್, ಎರಡನೇ ತಿಂಗಳು ಐವತ್ತು ಪರ್ಸೆಂಟ್, ಎರಡೇ ತಿಂಗಳಲ್ಲಿ ನೂರು. ಸರಿ ತಾನೇ ಎಂದು ನನ್ನ ಕಡೆ ತಿರುಗಿದರು. ಮಾವನೂ ನನ್ನ ಕಡೆ ನೋಡಿದರು, ಶನಿವಾರ ನೋಡಿದ ಹಾಗೆಯೇ, ಒಂದೇ ಒಂದು ಸಲ. ಐವತ್ತು, ಎಪ್ಪತ್ತೈದು, ಎಂಬತ್ತೇಳೂವರೆ ಎಂದು ನನ್ನ ತಲೆಯಲ್ಲಿ ಅಂಕೆಗಳು ಸಾಲುಗಟ್ಟಿದ್ದವು. ಎಷ್ಟು ದೂರ ಓಡಿಸಿದರೂ ನೂರನ್ನು ಮುಟ್ಟುತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ತಿಂಗಳಿಗೆ ಮಿಕ್ಕಿದ್ದರಲ್ಲಿ ಅರ್ಧ ಎಂದು ಅವರು ಹೇಳಿದಂತೆಯೇ ಅಚ್ಚುಕಟ್ಟಾಗಿ ಟೈಪ್ ಮಾಡಿ ಇಬ್ಬರ ಸಹಿಯನ್ನೂ ಹಾಕಿಸಿದೆ. ಮಾವ ಅದನ್ನು ಲೆಕ್ಕ ಹಾಕಿಯೇ ಹೇಳಿದರೋ, ಬಾಯಿಗೆ ಬಂದ ಅಭ್ಯಾಸದ ಮಾತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿಲ್ಲ. ಈ ಸಲ ಕೇಳದೇ ಇದ್ದದ್ದು ಸೊಕ್ಕಿನಿಂದಲ್ಲ.

ಯಂತ್ರ ರಿಪೇರಿಯಾಗಿ ಆರು ತಿಂಗಳಾಯಿತು. ಮೊದಲ ತಿಂಗಳು ಎಂಟು ಬಣ್ಣ ಹೇಳಿದರು, ಆಮೇಲೆ ನಾಲ್ಕು, ಎರಡು, ಒಂದು, ಅರ್ಧ, ಕಾಲು. ಹೇಳುವಾಗ ಈಗ ನಾನು ಕೆಳಗಿನ ಕೋಣೆಯಲ್ಲಿ ಡ್ರಮ್ಮಿನ ಪಕ್ಕದಲ್ಲೇ ನಿಂತು ಅವರ ಬೆರಳು ನೋಡುತ್ತೇನೆ. ಬಾಕಿ ಇರುವುದು ಕಾಲು ಬಣ್ಣ. ಆ ಬಣ್ಣ ತಿಳಿ ಗೋಧಿ. ತಮ್ಮನ್ನು ಸುಳ್ಳ ಅನ್ನಿಸಿದ ಬಣ್ಣವನ್ನೇ ಕೊನೆಗೆ ಉಳಿಸಿಕೊಂಡಿದ್ದಾರೆ. ಅದನ್ನು ನಾನು ಭಾನುವಾರದ ಸ್ಲೇಟಿನಲ್ಲೇ ಬರೆದು ಮುಗಿಸಿದ್ದೆ ಎಂಬುದು ಮ್ಯಾನೇಜರಿಗೆ ತಿಳಿಯಬೇಕಾಗಿಲ್ಲ. ಈ ತಿಂಗಳು ಹೇಳಬೇಕಾದದ್ದು ಅದರಲ್ಲಿ ಅರ್ಧ, ಅಂದರೆ ಅರೆಕಾಲು ಬಣ್ಣ. ಕೆಂಪು ಡಬ್ಬದ ಮುಚ್ಚಳ ತೆಗೆಯುವವರೆಗೆ ಹೇಳಿ ನಿಲ್ಲಿಸುತ್ತಾರಂತೆ. ಎಷ್ಟಾಯಿತು ಎಂದು ಮ್ಯಾನೇಜರ್ ವಾರಕ್ಕೊಮ್ಮೆ ಕೇಳುತ್ತಾರೆ. ತೊಂಬತ್ತೆಂಟು ಪಾಯಿಂಟ್ ನಾಲ್ಕು ನಾಲ್ಕು ಸರ್ ಎನ್ನುತ್ತೇನೆ. ಇನ್ನೇನು ಮುಗಿದೇ ಹೋಯಿತು ಎಂದು ಕೈ ಉಜ್ಜಿಕೊಳ್ಳುತ್ತಾರೆ.

ಮೊನ್ನೆ ಭಾನುವಾರವೂ ಹಣ್ಣು ಕೊಯ್ದರು. ಎರಡು ಸಲ ತಟ್ಟಿ ನೋಡಿದರು, ಗಟ್ಟಿಯಾಗಿಯೇ ಹೇಳಿದರು. ನನ್ನ ತಟ್ಟೆಗೆ ಬಂದದ್ದು ಅದೇ ತೆಳ್ಳನೆಯ ಹೋಳು. "ಕಾಲು ಕೊಟ್ಟಿದ್ದೀನಮ್ಮ," ಎಂದರು. ಹೌದು ಮಾವ, ಕಾಲೇ ಇದೆ ಎಂದು ತಿಂದೆ.